ತಟ್ಟೆ ತಿರುಗಿಸಿದವನು ನಾನು

ಸುಗುಣಳ ಕೈಗೆ ಬಂದ ಆ ವಾಗ್ದಾನದ ಚೀಟಿ ದೇವರು ಕೊಟ್ಟದ್ದಲ್ಲ. ನಾನು ಕೊಟ್ಟದ್ದು. ಬರೆದವನೂ ನಾನು, ಸುರುಳಿ ಸುತ್ತಿದವನೂ ನಾನು, ಅವಳ ಬೆರಳು ಬೇರೆ ಚೀಟಿಯ ಕಡೆಗೆ ಹೋದಾಗ ತಟ್ಟೆ ತಿರುಗಿಸಿ ಅದನ್ನೇ ಅವಳ ಮುಂದಕ್ಕೆ ತಂದವನೂ ನಾನು. ಇಷ್ಟನ್ನು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಭಾನುವಾರ ಭಾನುವಾರ ನಿಂತು ಸತ್ಯ ಸಾರುವುದೇ ಕೆಲಸವಾಗಿದ್ದ ಮನುಷ್ಯ ನಾನು — ನಗುವವರು ನಗಬಹುದು.

ನಾನು ಉಪದೇಶಿ. ಪಾದ್ರಿಯಲ್ಲ. ಕಡಬದಿಂದ ಸ್ವಲ್ಪ ಆಚೆ, ರಸ್ತೆಯಿಂದ ಒಂದು ಏರು ಹತ್ತಿದರೆ ನಮ್ಮ ಸಣ್ಣ ದೇವಾಲಯ ಸಿಗುತ್ತದೆ. ಸಭಾಪಾಲಕರು ತಿಂಗಳಿಗೊಮ್ಮೆ ಪುತ್ತೂರಿನಿಂದ ಬಂದು ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನ ನಡೆಸಿ ಹೋಗುತ್ತಾರೆ. ಉಳಿದ ಭಾನುವಾರಗಳು, ಮನೆ ಪ್ರಾರ್ಥನೆ, ಸಾವು, ಆಸ್ಪತ್ರೆ, ಗಂಟೆ ಬಾರಿಸುವುದು, ಪುಸ್ತಕದ ಕಪಾಟಿನ ಗೆದ್ದಲು ಕೊಡವುವುದು — ಎಲ್ಲ ನನ್ನ ಪಾಲು. ಮನೆಯಲ್ಲಿ ತುಳು ಮಾತಾಡಿಕೊಂಡು, ದೇವಾಲಯದ ಹೊಸ್ತಿಲು ದಾಟಿದ ಕೂಡಲೇ ಕನ್ನಡಕ್ಕೆ ತಿರುಗುವ ಜನ ನಾವು. ಬೆರಳೆಣಿಕೆಯ ಮನೆಗಳು. ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವುದೂ ಎಲ್ಲರಿಗೂ ಗೊತ್ತಿರುವಂಥ ಸಭೆ.

ಹೊಸ ವರ್ಷದ ಮೊದಲ ಬೆಳಗ್ಗೆ ನಮ್ಮಲ್ಲಿ ವಾಗ್ದಾನದ ಚೀಟಿ ಎತ್ತುವ ಕ್ರಮ ಉಂಟು. ಸತ್ಯವೇದದ, ಎಂದರೆ ಬೈಬಲಿನ, ಒಂದೊಂದು ಮಾತನ್ನು ಸಣ್ಣ ಕಾಗದದಲ್ಲಿ ಬರೆದು, ಸುರುಳಿ ಮಾಡಿ, ದಾರ ಕಟ್ಟಿ, ಕಾಣಿಕೆಯ ಹಿತ್ತಾಳೆ ತಟ್ಟೆಯಲ್ಲಿ ಹಾಕಿಡುವುದು. ಆರಾಧನೆ ಮುಗಿಯುವಾಗ ಒಬ್ಬೊಬ್ಬರೇ ಮುಂದೆ ಬಂದು, ಕಣ್ಣು ಮುಚ್ಚಿ ಪ್ರಾರ್ಥಿಸಿ, ಒಂದನ್ನು ಎತ್ತಿ ಗಟ್ಟಿಯಾಗಿ ಓದಬೇಕು. ಸಭೆ ಆಮೆನ್ ಹೇಳುತ್ತದೆ. ಆ ವರ್ಷಕ್ಕೆ ದೇವರು ಆ ಮನೆಗೆ ಹೇಳಿದ ಮಾತು ಅದೇ ಎಂದು ಜನ ನಂಬುತ್ತಾರೆ. ಬಾಗಿಲಿನ ಮೇಲೆ ಅಂಟಿಸುತ್ತಾರೆ, ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಇದು ಲಾಟರಿಯ ಹಾಗೆ ಆಗಬಾರದು ಎಂದು ಹಿಂದಿನ ಸಭಾಪಾಲಕರೊಬ್ಬರು ಗೊಣಗಿದ್ದುಂಟು. ಆದರೆ ಚೀಟಿ ಇಲ್ಲದ ಹೊಸ ವರ್ಷವನ್ನು ನಮ್ಮವರು ಹೊಸ ವರ್ಷ ಎಂದು ಒಪ್ಪುವುದಿಲ್ಲ. ಚೀಟಿ ಬರೆಯುವ ಕೆಲಸವೂ ನನ್ನದೇ.

ಸುಗುಣ ಈ ಸಭೆಗೆ ಸೊಸೆಯಾಗಿ ಬಂದವಳು. ಕಡಬ ಪೇಟೆಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಗಂಡ ಜಯಕರ ಪುತ್ತೂರು ಲೈನಿನ ಖಾಸಗಿ ಬಸ್ಸಿನ ಡ್ರೈವರ್. ಮಾತು ಕಡಿಮೆ, ಹಾರನ್ ಜಾಸ್ತಿ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಮದುವೆಯಾಗಿ ಬಹಳ ವರ್ಷ ಕಳೆದರೂ ಮಕ್ಕಳಿರಲಿಲ್ಲ. ಸಭೆಯ ಮಕ್ಕಳ ದೀಕ್ಷಾಸ್ನಾನದ ಬಿಳಿ ಅಂಗಿಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಕೂಲಿ ಕೊಡಲು ಹೋದರೆ ಬೇಡ ಎನ್ನುತ್ತಿದ್ದಳು.

ಆ ವರ್ಷದ ಡಿಸೆಂಬರಿನಲ್ಲಿ ಪುತ್ತೂರಿನ ಡಾಕ್ಟರು ಅವಳ ಗರ್ಭಕೋಶದಲ್ಲಿ ಒಂದು ಗಡ್ಡೆ ಇದೆ ಎಂದಿದ್ದರು. ಈಗಲೇ ಗಡ್ಡೆಯನ್ನು ಮಾತ್ರ ತೆಗೆದರೆ ಗರ್ಭಕೋಶ ಉಳಿಯುತ್ತದೆ, ಮಗುವಿನ ಆಸೆಯೂ ಉಳಿಯುತ್ತದೆ, ತಡ ಮಾಡಬೇಡಿ. ಜಯಕರ ಜನವರಿಗೆ ದಿನ ಗೊತ್ತುಮಾಡಿ ಬಂದಿದ್ದ. ಸುಗುಣ ಮಾತ್ರ ಹೆದರಿದ್ದಳು. ಅವಳ ಅಕ್ಕ ಹಿಂದೆ ಆಪರೇಷನ್ ಟೇಬಲ್ಲಿನಿಂದ ಎದ್ದು ಬಂದವಳಲ್ಲ. ನಮ್ಮ ಮನೆಯ ಜಗಲಿಯಲ್ಲಿ ಕೂತು ಅವಳು ಅತ್ತದ್ದನ್ನು ನಾನು ನೋಡಿದೆ. ನನಗೆ ಮರುಕ ಬಂತು. ಅದು ಸುಳ್ಳಲ್ಲ.

ಆದರೆ ಮರುಕ ಒಂದೇ ಅಲ್ಲ — ಇದನ್ನು ಹೇಳದೆ ಬಿಟ್ಟರೆ ಈ ಬರವಣಿಗೆಯೂ ಇನ್ನೊಂದು ಚೀಟಿಯಾಗುತ್ತದೆ. ಆ ಹೊತ್ತಿಗೆ ಪೇಟೆಯ ಅಂಚಿನಲ್ಲಿ ಒಂದು ಹೊಸ ಪ್ರಾರ್ಥನಾ ಮಂದಿರ ಶುರುವಾಗಿತ್ತು. ಮೈಕು, ಗಿಟಾರು, ಎದ್ದು ನಿಂತು ಸಾಕ್ಷಿ ಹೇಳುವವರು — ನನ್ನ ಸೊಂಟನೋವು ಹೋಯಿತು, ನನ್ನ ಮಗನಿಗೆ ವೀಸಾ ಬಂತು. ನಮ್ಮ ಸಭೆಯಿಂದ ಒಂದೊಂದೇ ಮನೆ ಆ ಕಡೆಗೆ ಜಾರುತ್ತಿತ್ತು. ನಾನು ಕ್ರಿಸ್ಮಸ್ಸಿನ ದಿನ ಪ್ರವಾದನೆಗಳ ಬಗ್ಗೆ ಮಾತಾಡುವಾಗ ಹಿಂದಿನ ಬೆಂಚಿನವರು ಕೇಕಿನ ಪರಿಮಳ ಎಲ್ಲಿಂದ ಎಂದು ನೋಡುತ್ತಿದ್ದರು. ನಮ್ಮಲ್ಲಿಯೂ ಒಂದು ಸಾಕ್ಷಿ ಆಗಬೇಕು, ನನ್ನ ತಟ್ಟೆಯಿಂದಲೂ ಒಂದು ಅದ್ಭುತ ಹುಟ್ಟಬೇಕು ಎಂಬ ಹುಳ ಒಳಗೆ ಹೊಕ್ಕಿತ್ತು. ಹುಟ್ಟಿದರೆ ಹೆಸರು ದೇವರಿಗೆ — ಸ್ವಲ್ಪ ನನಗೂ.

ನಾನು ಬರೆದದ್ದು ಯೆಶಾಯ ಪ್ರವಾದಿಯ ಮಾತು. ನಮಗೊಂದು ಮಗು ಹುಟ್ಟಿದೆ, ಮಗನನ್ನು ಕೊಡಲಾಗಿದೆ ಎನ್ನುವಂಥದು. ಪ್ರತಿ ಕ್ರಿಸ್ಮಸ್ಸಿಗೆ ಓದುವ ಮಾತೇ. ಇದನ್ನು ಯಾರೂ ವಾಗ್ದಾನದ ಚೀಟಿಗೆ ಬರೆಯುವುದಿಲ್ಲ. ಬರೆಯಬಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಯುದ್ಧದ ಭಯದಲ್ಲಿ, ಕತ್ತಲಲ್ಲಿ ಕೂತಿದ್ದ ಒಂದು ಇಡೀ ಜನಾಂಗಕ್ಕೆ ಪ್ರವಾದಿ ಹೇಳಿದ್ದು ಅದು. ಆ ಮಗುವಿನ ಹೆಗಲ ಮೇಲೆ ಆಡಳಿತದ ಭಾರ ಇರುತ್ತದೆ, ಅವನನ್ನು ಸಮಾಧಾನದ ಪ್ರಭು ಎಂದು ಕರೆಯುತ್ತಾರೆ, ದಾವೀದನ ಸಿಂಹಾಸನದಲ್ಲಿ ನ್ಯಾಯ ನಿಲ್ಲುತ್ತದೆ ಎಂದು ಮಾತು ಮುಂದುವರಿಯುತ್ತದೆ. ಹೇಳಿದವರು ಸತ್ತರು, ಕೇಳಿದವರು ಸತ್ತರು, ತಲೆಮಾರುಗಳು ಹೋದವು. ಆಮೇಲೆ ಬೆತ್ಲೆಹೇಮಿನಲ್ಲಿ ಗೋದಲಿಯಲ್ಲಿ ಮಲಗಿದ ಕೂಸನ್ನು ನೋಡಿ, ಇವನೇ ಅವನು ಎಂದು ನಮ್ಮ ಹಿರಿಯರು ಗುರುತು ಹಿಡಿದರು. ಇದನ್ನು ನಾನು ನಂಬುತ್ತೇನೆ. ಈಗಲೂ, ಇಷ್ಟು ಬಳಲಿದ ಮೇಲೂ. ಮೆಸ್ಸೀಯನ ಹುಟ್ಟು ಎಲ್ಲರ ಬಾಗಿಲಿಗೆ ಬಂದ ಸುದ್ದಿ. ಅದು ಒಂದು ಮನೆಯ ತೊಟ್ಟಿಲಿಗೆ ಬರೆದುಕೊಟ್ಟ ಚೀಟಿಯಲ್ಲ.

ಆದರೂ ಬರೆದೆ. ಮೊದಲ ತುಂಡು ಮಾತ್ರ ಬರೆದೆ. ಹೆಗಲಿನ ಭಾರ, ಸಿಂಹಾಸನ, ಸಮಾಧಾನ ಎಲ್ಲವನ್ನೂ ಬಿಟ್ಟು, ಮಗು ಮತ್ತು ಮಗ ಎಂಬಲ್ಲಿಗೆ ನಿಲ್ಲಿಸಿದೆ. ಬಟ್ಟೆ ಕತ್ತರಿಸುವವರಾದರೂ ಮೊದಲು ಅಳತೆ ನೋಡುತ್ತಾರೆ.

ಆ ಬೆಳಗ್ಗೆ ಸುಗುಣ ಮುಂದೆ ಬಂದಾಗ ಆ ಚೀಟಿ ತಟ್ಟೆಯ ಅಂಚಿನಲ್ಲಿ ನನ್ನ ಹೆಬ್ಬೆರಳಿನ ಕೆಳಗಿತ್ತು. ಅವಳು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ಆಮೇಲೆ ಕಣ್ಣು ತೆರೆಯದೆಯೇ ಕೈ ಚಾಚಿದಳು. ಕೈ ಆಚೆ ಬದಿಗೆ ಹೋಯಿತು, ಅಲ್ಲೊಂದು ಸುರುಳಿಯನ್ನು ಮುಟ್ಟಿತು ಕೂಡ. ನಾನು ತಟ್ಟೆ ತಿರುಗಿಸಿದೆ. ತಟ್ಟೆ ಭಾರವಾಗಿ ಕೈ ಜಾರಿತೋ ಎಂಬ ಹಾಗೆ, ಸ್ವಲ್ಪವೇ. ಹೆಬ್ಬೆರಳು ಬಿಟ್ಟೆ. ಚೀಟಿ ಉರುಳಿ ಅವಳ ಬೆರಳಿಗೆ ಹೋಗಿ ತಾಗಿತು.

ಅವಳು ಓದಿದಳು. ಮಗು ಎನ್ನುವಲ್ಲಿಗೆ ಬರುವಾಗ ಧ್ವನಿ ನಿಂತುಹೋಯಿತು. ಆಮೇಲೆ ಹೆಂಗಸರ ಬದಿಯಿಂದ ಯಾರೋ ಅಳಲಿಕ್ಕೆ ಶುರುಮಾಡಿದರು, ಸಭೆ ಆಮೆನ್ ಎಂದಿತು. ಅಂಥ ಆಮೆನ್ ನನ್ನ ಪ್ರಸಂಗಗಳಿಗೆ ಯಾವತ್ತೂ ಬಂದಿರಲಿಲ್ಲ. ನನ್ನ ಮೈ ನವಿರೆದ್ದಿತು — ನನ್ನದೇ ಕೈಚಳಕಕ್ಕೆ ನಾನೇ ಪುಳಕಗೊಂಡೆ. ಇಷ್ಟು ಕೆಟ್ಟುಹೋಗಲು ಸಾಧ್ಯ ಎಂದು ನನಗೆ ಗೊತ್ತಿರಲಿಲ್ಲ.

ಅಲ್ಲಿಗೇ ನಿಂತಿದ್ದರೆ ಒಂದು ಹುಚ್ಚುತನ ಎನ್ನಬಹುದಿತ್ತು. ಒಂದು ವಾರದೊಳಗೆ ಸುಗುಣ ನನ್ನ ಮನೆಗೆ ಬಂದಳು. ಮುಖದಲ್ಲಿ ನಾನು ಹಿಂದೆ ಕಾಣದಿದ್ದ ಒಂದು ಬೆಳಕು. ಬಂದವಳು ಕೂರಲೂ ಇಲ್ಲ.

"ಉಪದೇಶಿಯವರೇ, ಇವರು ಆಸ್ಪತ್ರೆಗೆ ಹೋಗುವ ಅಂತ ಹಟ ಮಾಡ್ತಾ ಇದ್ದಾರೆ. ದೇವರೇ ಹೇಳಿದ ಮೇಲೆ ನಾನು ಯಾಕೆ ಹೊಟ್ಟೆ ಕೊಯ್ಸಿಕೊಳ್ಳುದು? ನೀವೇ ಒಂದು ಮಾತು ಹೇಳಿ."

ಅವಳು ನೇರವಾಗಿ ಕೇಳಿದಳು. ನೇರವಾಗಿ ಹೇಳಬಹುದಿತ್ತು. ಆಸ್ಪತ್ರೆಗೆ ಹೋಗು ಮಾರಾಯ್ತಿ, ಅದನ್ನು ನಿನ್ನ ಕೈಗೆ ಬರುವ ಹಾಗೆ ಮಾಡಿದ್ದು ನಾನು ಎಂದರೆ ಮುಗಿಯುತ್ತಿತ್ತು. ಅಷ್ಟು ಬೇಡ, ದೇವರು ಡಾಕ್ಟರ ಕೈಯಿಂದಲೂ ಕೆಲಸ ಮಾಡಿಸುತ್ತಾನೆ ಎಂದಿದ್ದರೂ ಸಾಕಿತ್ತು. ಆದರೆ ಅವಳ ಹಿಂದೆ ಅಂಗಳದಲ್ಲಿ ಇನ್ನಿಬ್ಬರು ಹೆಂಗಸರು ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ —

"ನಿನ್ನ ನಂಬಿಕೆ ಇದ್ದ ಹಾಗೆ ಆಗ್ತದೆ, ಸುಗುಣ."

ಈ ಒಂದು ಮಾತು. ಕೇಳುವುದಕ್ಕೆ ಎಷ್ಟು ಭಕ್ತಿ. ಆದರೆ ಅದರ ಒಳಗೆ ನಾನು ಏನು ಮಾಡಿದ್ದೆ ಎಂದರೆ — ಮಗು ಆದರೆ ನನ್ನ ಚೀಟಿಯ ಫಲ, ಆಗದಿದ್ದರೆ ನಿನ್ನ ನಂಬಿಕೆಯ ಕೊರತೆ. ತಪ್ಪಿಸಿಕೊಳ್ಳುವ ದಾರಿಯನ್ನು ನಾನು ಮೊದಲೇ ಮಾಡಿಟ್ಟುಕೊಂಡಿದ್ದೆ. ಅವಳು ಕೈ ಮುಗಿದು ಹೋದಳು. ಜನವರಿಯಲ್ಲಿ ಆಸ್ಪತ್ರೆಯ ಆ ದಿನ ಸುಮ್ಮನೆ ಕಳೆದುಹೋಯಿತು.

ಮುಂದಿನ ಕ್ರಿಸ್ಮಸ್ಸಿಗೆ ಪ್ರವಾದನೆಯ ಪಾಠವನ್ನು ಅವಳಿಂದಲೇ ಓದಿಸಿದೆ. ಅದರ ಮುಂದಿನ ಕ್ರಿಸ್ಮಸ್ಸಿಗೂ. ಅವಳು ಪೂರ್ತಿ ಮಾತನ್ನು ಓದುತ್ತಿದ್ದಳು, ಹೆಗಲಿನ ಭಾರವನ್ನೂ ಸಮಾಧಾನದ ಪ್ರಭುವನ್ನೂ. ಆದರೆ ಅವಳಿಗೆ ಕೇಳುತ್ತಿದ್ದದ್ದು ಮೊದಲ ತುಂಡು ಮಾತ್ರ ಎಂದು ನನಗೆ ಗೊತ್ತಾಗುತ್ತಿತ್ತು. ಮುಖ ಬಿಳಿಚುತ್ತ ಬಂತು. ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಿದ್ದಳು. ಕೇಳಿದವರಿಗೆ, ಒಳ್ಳೆಯದಕ್ಕೇ ಇರಬೇಕು ಎನ್ನುತ್ತಿದ್ದಳು. ಚೀಟಿ ಅವಳ ಸತ್ಯವೇದದ ಒಳಗೆ, ರಟ್ಟಿಗೆ ಅಂಟಿಸಿ ಇತ್ತು. ಪ್ರತಿ ಸಲ ಅವಳು ಪುಸ್ತಕ ತೆರೆದಾಗ ನಾನು ಕಣ್ಣು ಬೇರೆ ಕಡೆ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಅಂಗಡಿಯಲ್ಲೇ, ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಬಿದ್ದಳಂತೆ. ಕೂತಿದ್ದ ಸ್ಟೂಲಿನ ಕೆಳಗೆ ರಕ್ತ. ಜಯಕರ ಬಸ್ಸನ್ನು ಅರ್ಧದಾರಿಯಲ್ಲಿ ಕಂಡಕ್ಟರನಿಗೆ ಒಪ್ಪಿಸಿ ಓಡಿ ಬಂದ. ಪುತ್ತೂರಿನಲ್ಲಿ ಅದೇ ಡಾಕ್ಟರು ನೋಡಿ, ಇನ್ನು ಗಡ್ಡೆ ಮಾತ್ರ ತೆಗೆಯುವ ಮಾತಿಲ್ಲ, ಹೆಂಗಸನ್ನು ಉಳಿಸಬೇಕಾದರೆ ಗರ್ಭಕೋಶವನ್ನೇ ತೆಗೆಯಬೇಕು ಎಂದರು. ತೆಗೆದರು.

ನಾನು ನೋಡಲು ಹೋದೆ. ಹೋಗುವುದು ನನ್ನ ಕೆಲಸ ತಾನೆ. ಕಿತ್ತಳೆ ಹಣ್ಣು ತೆಗೆದುಕೊಂಡು ಹೋದೆ. ಜಯಕರ ವಾರ್ಡಿನ ಬಾಗಿಲಲ್ಲಿ ನಿಂತಿದ್ದ.

"ಒಳಗೆ ಹೋಗಿ ಪ್ರಾರ್ಥನೆ ಮಾಡಿ ಬನ್ನಿ," ಎಂದ. "ಅವಳಿಗೆ ಬೇಕು ಅದು. ನನಗೆ ಇನ್ನು ನಿಮ್ಮ ದೇವರ ಹತ್ರ ಎಂತದೂ ಮಾತಾಡ್ಲಿಕ್ಕೆ ಇಲ್ಲ."

ಅವತ್ತಿನಿಂದ ಅವನು ದೇವಾಲಯದ ಏರು ಹತ್ತಿಲ್ಲ. ಅವಳನ್ನು ಕೆಳಗೆ ರಸ್ತೆಯವರೆಗೆ ತಂದು ಬಿಡುತ್ತಾನೆ, ಆರಾಧನೆ ಮುಗಿಯುವವರೆಗೆ ಅಲ್ಲೇ ಕಾದು ಕರೆದುಕೊಂಡು ಹೋಗುತ್ತಾನೆ.

ಒಳಗೆ ಸುಗುಣ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಏನೇನೋ ಸಮಾಧಾನ ಹೇಳಿದೆ. ಅವಳು ತಿರುಗದೆಯೇ ಹೇಳಿದಳು: "ದೇವರು ಕೊಡ್ಲಿಕ್ಕೆ ತಯಾರಿದ್ದರು ಉಪದೇಶಿಯವರೇ. ನನ್ನ ನಂಬಿಕೆ ಸಾಲ್ಲಿಲ್ಲ."

ನನ್ನದೇ ಮಾತು ನನಗೆ ವಾಪಸು ಬಂದಿತ್ತು. ಆಗ ಹೇಳಬೇಕಿತ್ತು. ಆ ಮಂಚದ ಬಳಿ ಮೊಣಕಾಲೂರಿ ಹೇಳಬೇಕಿತ್ತು. ನಾನು ಮೊಣಕಾಲೇನೋ ಊರಿದೆ — ಊರಿ, ಪ್ರಾರ್ಥನೆ ಮಾಡಿ, ಎದ್ದು, ಬಸ್ಸು ಹಿಡಿದು ಮನೆಗೆ ಬಂದೆ. ಈಗ ನೋವಿನಲ್ಲಿದ್ದಾಳೆ, ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡೆ. ಚೇತರಿಸಿಕೊಂಡಳು. ಈಗ ಮರೆತಿದ್ದಾಳೆ, ಗಾಯ ಕೆದಕುವುದು ಬೇಡ ಎಂದುಕೊಂಡೆ. ಹಾಗೆ ಎಂದುಕೊಳ್ಳುತ್ತ ಎಂದುಕೊಳ್ಳುತ್ತ ನನ್ನ ಕೂದಲು ಬೆಳ್ಳಗಾಯಿತು. ತಪ್ಪಿನ ಹೊರೆ ಒಂದು ಪಾಲು ಸುಗುಣಳ ಮೇಲೆ, ಒಂದು ಪಾಲು ದೇವರ ಮೇಲೆ. ನನ್ನ ಹೆಗಲು ಖಾಲಿ. ನನಗೆ ಬೆನ್ನುನೋವು ಎಂದರೆ ಮಾತ್ರ ಜನ ಆಶ್ಚರ್ಯಪಡುತ್ತಾರೆ, ಉಪದೇಶಿಯವರು ಇಷ್ಟು ಬೇಗ ಬಗ್ಗಿದರಲ್ಲ ಎಂದು.

ಆ ಮೇಲೆ ಅವಳು ಪ್ರವಾದನೆಯ ಪಾಠ ಓದಲಿಲ್ಲ. ಕೇಳಿದಾಗಲೆಲ್ಲ, ಬೇರೆಯವರಿಂದ ಓದಿಸಿ, ನನ್ನ ಬಾಯಿ ಅದಕ್ಕೆ ಆಗುದಿಲ್ಲ ಎಂದು ನಗುತ್ತ ಹೇಳಿ ಹಿಂದಿನ ಬೆಂಚಿಗೆ ಹೋಗುತ್ತಿದ್ದಳು. ಸಭೆಯವರು ಕೆಟ್ಟವರಲ್ಲ. ಆದರೆ ಯಾರಿಗಾದರೂ ಪ್ರಾರ್ಥನೆ ಫಲಿಸದಿದ್ದರೆ, ಪಾಪ ಸುಗುಣಳ ಹಾಗೆ ಎನ್ನುವ ಮಾತು ಒಂದು ಚಾಲ್ತಿಗೆ ಬಂತು. ವಾಗ್ದಾನ ಸಿಕ್ಕಿಯೂ ಹಿಡಿದುಕೊಳ್ಳಲು ಗೊತ್ತಾಗದವಳು ಎಂದು. ನಾನು ಅದನ್ನು ಕೇಳಿದ್ದೇನೆ. ಕೇಳಿ, ಮುಂದಿನ ಕೀರ್ತನೆ ಯಾವುದು ಎಂದು ಹೇಳಿದ್ದೇನೆ.

ಈ ವರ್ಷ ನನ್ನ ಸೇವೆ ಮುಗಿಯುತ್ತದೆ. ಬೀಳ್ಕೊಡುಗೆಗೆ ಶಾಲು, ಹಾರ, ಹಾಲಿನ ಬಣ್ಣದ ಒಂದು ಗಡಿಯಾರ ಎಲ್ಲ ತಯಾರಿದೆಯಂತೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮನೆ ಪ್ರಾರ್ಥನೆ ಹಿಂದಿನ ವಾರ ಸುಗುಣಳ ನೆರೆಮನೆಯಲ್ಲಿ ಇತ್ತು. ನಾನು ಎಂದಿನ ಪಾಠವನ್ನೇ ಒಪ್ಪಿಸಿದೆ — ಯೆಶಾಯ ಹೇಳಿದ ಮಗು, ಮೀಕ ಹೇಳಿದ ಬೆತ್ಲೆಹೇಮು, ನೂರಾರು ವರ್ಷದ ಕಾಯುವಿಕೆ. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಯಾರಿಗಾದರೂ ಸಂಶಯ ಉಂಟಾ ಎಂದು ಕೊನೆಗೆ ಕೇಳುವುದು ಕ್ರಮ, ಯಾರೂ ಕೇಳುವುದಿಲ್ಲ. ಅವತ್ತು ಸುಗುಣ ಕೇಳಿದಳು.

"ಪ್ರವಾದಿ ಹೇಳುವಾಗ ಎದುರು ಕೂತು ಕೇಳಿದವರಿಗೆ ಆ ಮಗುವನ್ನು ನೋಡ್ಲಿಕ್ಕೆ ಸಿಗ್ಲಿಲ್ಲ ಅಲ್ವಾ? ಕಾದು ಕಾದು ಸತ್ತರು. ಅವರಲ್ಲಿ ಕೆಲವರು ನನ್ನ ಹಾಗೆ ಎಣಿಸಿರಬಹುದು — ನಮ್ಮ ನಂಬಿಕೆ ಸಾಲ್ಲಿಲ್ಲ ಅಂತ. ಅವರ ನೆನಪಾಗುವಾಗ ನನಗೆ ಸ್ವಲ್ಪ ಸಮಾಧಾನ ಆಗ್ತದೆ."

ಎಲ್ಲರೂ ತಲೆಯಾಡಿಸಿದರು. ಒಬ್ಬರು, ಒಳ್ಳೆ ಮಾತು ಹೇಳಿದಿರಿ ಎಂದರು. ಮುಕ್ತಾಯದ ಪ್ರಾರ್ಥನೆಯನ್ನು ನಾನು ಆ ಮನೆಯವರಿಂದಲೇ ಮಾಡಿಸಿದೆ. ಅವಳು ಮರೆತಿದ್ದಾಳೆ ಎಂದು ನಾನು ನನಗೆ ಹೇಳಿಕೊಂಡು ಬಂದದ್ದು — ಅವಳು ಒಂದು ದಿನವೂ ಮರೆತಿರಲಿಲ್ಲ. ನಾನು ಇಟ್ಟ ಹೊರೆಗೆ ಅವಳು ಸತ್ಯವೇದದೊಳಗೆ ಹೋಗಿ ಜೊತೆಗಾರರನ್ನು ಹುಡುಕಿಕೊಂಡಿದ್ದಳು.

ಮರುದಿನ ಬೆಳಗ್ಗೆ ಅವಳ ಅಂಗಡಿಗೆ ಹೋದೆ. ಕ್ರಿಸ್ಮಸ್ಸಿನ ಫ್ರಾಕುಗಳು ತಂತಿಯಲ್ಲಿ ಸಾಲಾಗಿ ನೇತಾಡುತ್ತಿದ್ದವು. ಅವಳು ಸ್ಟೂಲು ಎಳೆದು ಕೊಟ್ಟಳು, ನಾನು ಕೂರಲಿಲ್ಲ. ನಿಂತೇ ಹೇಳಿದೆ. ಹೇಗೆ ಹೇಳಿದೆನೋ — ಅವಳಿಗೆಂದೇ ಬರೆದದ್ದು, ಹೆಬ್ಬೆರಳಿನ ಕೆಳಗೆ ಇಟ್ಟದ್ದು, ತಿರುಗಿಸಿದ್ದು, ಅವಳು ಕೇಳಲು ಬಂದಾಗ ಹೇಳದೆ ಹೋದದ್ದು. ಯಂತ್ರದ ಚಕ್ರದ ಮೇಲೆ ಇಟ್ಟ ಅವಳ ಕೈ ಅಲ್ಲೇ ಇತ್ತು. ಅಳಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಆಮೇಲೆ ಹೇಳಿದಳು: "ಮಗು ಇಲ್ಲ ಅಂತ ಆದ ಮೇಲೆಯೂ ನನಗೆ ಒಂದು ಇತ್ತು ಉಪದೇಶಿಯವರೇ. ದೇವರು ಒಂದು ಸಲ ನನ್ನ ಹತ್ರ ಮಾತಾಡಿದ್ದಾರೆ ಅಂತ. ನನ್ನಿಂದ ಹಾಳಾದರೂ, ಮಾತಾಡಿದ್ದು ಹೌದಲ್ಲ ಅಂತ. ಈಗ ಅದೂ ಇಲ್ಲ."

ನಾನು ಕ್ಷಮಿಸು ಎಂದೆ. ಎಂದೆನೋ, ಎನ್ನಬೇಕೆಂದುಕೊಂಡೆನೋ — ಈಗ ಅದು ನೆನಪಿಲ್ಲ.

"ನಾನು ಅದನ್ನು ಓದಿದ್ದು ಸಭೆಯ ಎದುರು," ಎಂದಳು. "ನೀವು ಹೇಳುದೂ ಸಭೆಯ ಎದುರೇ ಆಗಲಿ. ಕ್ರಿಸ್ಮಸ್ ದಿನ. ಇವರನ್ನು ನಾನು ಮೇಲೆ ಕರ್ಕೊಂಡು ಬರ್ತೇನೆ. ಅವರು ದೇವರ ಮೇಲೆ ಕೋಪ ಮಾಡಿದ್ದು ಸುಮ್ಮನೆ ಅಂತ ಅವರಿಗೆ ಗೊತ್ತಾಗಬೇಕು."

ಆಯ್ತು ಎಂದೆ. ಹೊರಡಲು ತಿರುಗಿದೆ. ಆಗ ಅವಳು ಹಿಂದಿನಿಂದ ಕೇಳಿದಳು, ಧ್ವನಿ ಏರಿಸದೆ, ಗಿರಾಕಿಯ ಹತ್ತಿರ ಅಳತೆ ಕೇಳುವ ಹಾಗೆ —

"ನನ್ನ ಕೈ ಮೊದಲು ಇನ್ನೊಂದಕ್ಕೆ ತಾಗಿತ್ತು. ನನಗೆ ನೆನಪುಂಟು. ಅದರಲ್ಲಿ ಎಂತ ಬರೆದಿತ್ತು?"

ಕ್ರಿಸ್ಮಸ್ಸಿಗೆ ಇನ್ನು ಕೆಲವೇ ದಿನ ಇದೆ. ನಾನು ಎದ್ದು ನಿಲ್ಲುತ್ತೇನೆ. ಮೊದಲು ಯೆಶಾಯನ ಮಾತನ್ನು, ಅಂದು ಕತ್ತರಿಸಿ ಬಿಟ್ಟದ್ದನ್ನೂ ಸೇರಿಸಿ, ಪೂರ್ತಿ ಓದುತ್ತೇನೆ. ಆಮೇಲೆ ಇಲ್ಲಿ ಬರೆದದ್ದನ್ನು ಹೇಳುತ್ತೇನೆ. ಶಾಲು, ಗಡಿಯಾರ ಅವರಲ್ಲೇ ಉಳಿಯಲಿ. ಹೇಳಿದ ಮೇಲೆ ಸಭೆ ಏನು ಮಾಡಿದರೂ ನಾನು ತಲೆ ತಗ್ಗಿಸಿ ಕೇಳುತ್ತೇನೆ, ಜಯಕರ ಏನು ಮಾಡಿದರೂ ಸಹ.

ಅವಳ ಆ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಅವಳ ಬೆರಳು ತಾಗಿದ ಸುರುಳಿಯನ್ನು ಆಮೇಲೆ ಯಾರೂ ಎತ್ತದೆ ಇದ್ದರೆ ಅದು ತಟ್ಟೆಯಲ್ಲೇ ಉಳಿದಿರಬೇಕು. ತಟ್ಟೆಯಲ್ಲಿ ಉಳಿದ ಚೀಟಿಗಳನ್ನು ಆರಾಧನೆಗೆ ಬರಲಾಗದ ರೋಗಿಗಳಿಗೆ ಕೊಂಡುಹೋಗಿ ಕೊಡುವುದು ನಮ್ಮ ಪದ್ಧತಿ. ಆ ವರ್ಷ ಅವುಗಳ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ. ಅವತ್ತು ಸಂಜೆಯೇ ಎಲ್ಲವನ್ನೂ ಬಚ್ಚಲ ಒಲೆಗೆ ಸುರಿದು ಸ್ನಾನದ ನೀರು ಕಾಯಿಸಿದೆ. ಒಂದನ್ನೂ ಬಿಚ್ಚಿ ನೋಡಲಿಲ್ಲ.